ಅಜಾಗರೂಕಳು ಮಾಡಿದ ಬಾಸ್ ಗಿಟಾರ್

ಜನವರಿ ೧೮

ಕಾರ್ಖಾನೆಯ ಮೇಸ್ತ್ರಿಗಳಿಗೆ,

"ತೀರ್ಥರೂಪು ಅಪ್ಪನಿಗೆ" ಎಂದು ಶುರು ಮಾಡಿ ಎರಡು ಹಾಳೆ ಹರಿದುಹಾಕಿದೆ. ಕೈ ಬರಲಿಲ್ಲ. ಆ ವರದಿಗೆ ಸಹಿ ಹಾಕಿದ್ದು ಅಪ್ಪ ಅಲ್ಲವಲ್ಲ, ಮೇಸ್ತ್ರಿ. ಹಾಗಾಗಿ ಮೇಸ್ತ್ರಿಗೇ ಬರೆಯುತ್ತಿದ್ದೇನೆ.

ಫೋನಿನಲ್ಲಿ ನಿಮ್ಮ ಜೊತೆ ಮಾತಾಡಿ ಸಾಕಾಗಿದೆ. ನಾನು ಹತ್ತು ಮಾತಾಡಿದರೆ ನೀವು ಒಂದು "ಹೂಂ" ಅನ್ನುತ್ತೀರಿ, ಕೊನೆಗೆ "ತಡಿ, ಅಮ್ಮನಿಗೆ ಕೊಡ್ತೀನಿ" ಅಂದು ಪಾರಾಗುತ್ತೀರಿ. ನನ್ನ ಹೆಸರು ಕೆಟ್ಟದ್ದು ಕಾಗದದ ಮೇಲೆ. ಉತ್ತರವೂ ಕಾಗದದ ಮೇಲೇ ಬರಲಿ.

ಈಗ ನಾನಿರುವುದು ಒಂದು ಫೋಟೋ ಫ್ರೇಮ್ ಅಂಗಡಿಯ ಮಾಳಿಗೆಯಲ್ಲಿ, ಒಂದೇ ಕೋಣೆ. ಕೆಲಸವೂ ಕೆಳಗಿನ ಅಂಗಡಿಯಲ್ಲೇ. ಫ್ರೇಮಿನ ಪಟ್ಟಿ ಕೊಯ್ಯುವುದು, ಮೂಲೆ ಕೂಡಿಸುವುದು. ಇದಕ್ಕೆ ಮೊದಲು ಮೂರು ಪೀಠೋಪಕರಣದ ಕಾರ್ಖಾನೆಗೆ ಹೋಗಿ ಕೇಳಿದೆ. ಮೂರೂ ಕಡೆ ಒಂದೇ ಕಥೆ. "ಮೊದ್ಲು ಎಲ್ಲಿದ್ರಿ?" ಎಂದು ಕೇಳುತ್ತಾರೆ, ನಿಮ್ಮ ಯಜಮಾನರಿಗೆ ಫೋನು ಮಾಡುತ್ತಾರೆ, ಆಮೇಲೆ "ಹೇಳಿ ಕಳಿಸ್ತೀವಿ" ಅನ್ನುತ್ತಾರೆ. ನಾನು ಹೋಗುವ ಮುಂಚೆಯೇ ಆ ಸಾಲು ಅಲ್ಲಿ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತದೆ: "ಕೆಲಸಗಾರ್ತಿಯ ಅಜಾಗರೂಕತೆಯಿಂದ ಆದ ಅಪಘಾತ."

ನಾಲ್ಕೇ ಪದ. ಕಳೆದ ಆಗಸ್ಟಿನಲ್ಲಿ ಗರಗಸದ ಮೆಷಿನ್ನಿಗೆ ನನ್ನ ಎಡಗೈಯ ಕೊನೆಯ ಎರಡು ಬೆರಳು ಹೋದವು. ಹಲ್ಲಿನ ಮೇಲೆ ಮುಚ್ಚಿರಬೇಕಾದ ಗಾರ್ಡ್ ಮೂರು ದಿನದಿಂದ ಇರಲಿಲ್ಲ. ಗಾರ್ಡ್ ಇದ್ದರೆ ಹಲಗೆ ನಿಧಾನ ಹೋಗುತ್ತದೆ, ಕುರ್ಚಿಗಳು ತಡವಾಗುತ್ತವೆ. ಅದನ್ನು ಬಿಚ್ಚುವಾಗ ಸ್ಪ್ಯಾನರ್ ಹಿಡಿದಿದ್ದ ಕೈ ಯಾವುದೆಂದು ನಾನು ಬರೆಯಬೇಕೆ?

ನನಗೆ ಪರಿಹಾರ ಬೇಡ. ಆ ನಾಲ್ಕು ಪದ ಹೊಡೆದುಹಾಕಿಸಿ. ಅಷ್ಟೇ ಕೇಳುತ್ತಿರುವುದು.

ಇನ್ನೊಂದು ಸುದ್ದಿ. ನಾನು ಬಾಸ್ ಗಿಟಾರ್ ಮಾಡುತ್ತಿದ್ದೇನೆ. ಕೊಳ್ಳುತ್ತಿಲ್ಲ, ಮಾಡುತ್ತಿದ್ದೇನೆ, ಕೈಯಲ್ಲಿ, ಈ ಕೋಣೆಯಲ್ಲಿ. ಎಡಗೈಯಲ್ಲಿ ತಂತಿ ಒತ್ತಲು ಇನ್ನು ಆಗುವುದಿಲ್ಲ. ಆದರೆ ಬಾಸ್ ಮೀಟಲು ಎರಡು ಬೆರಳು ಸಾಕು, ಆ ಎರಡು ಎಡಗೈಯಲ್ಲಿ ಉಳಿದಿವೆ. ಒತ್ತುವ ಕೆಲಸ ಬಲಗೈ ಕಲಿಯಲಿ. ಇಪ್ಪತ್ತು ವರ್ಷದಿಂದ ಅದು ಮೀಟುತ್ತಾ ಸುಖವಾಗಿತ್ತು, ಈಗ ದುಡಿಯಲಿ. ಎಲ್ಲ ತಿರುಗಾಮುರುಗಾ ಇರುವ, ಕನ್ನಡಿಯಲ್ಲಿ ಕಂಡಂಥ ಬಾಸ್ ಬೇಕು.

ಇಂತಿ,
ಅಜಾಗರೂಕಳು

ಫೆಬ್ರವರಿ ೨

ಚಿರಂಜೀವಿ ಮಗಳಿಗೆ,

ಅಪ್ಪನ ಆಶೀರ್ವಾದ. ಕಾಗದ ಬಂತು. ನಾವು ಚೆನ್ನಾಗಿದ್ದೇವೆ. ಅಮ್ಮನಿಗೆ ಮಂಡಿ ನೋವು, ಮೊದಲಿನಷ್ಟಿಲ್ಲ.

ನಿನ್ನ ಹಳೆಯ ಬಾಸು ಗೋಡೆಯ ಮೊಳೆಯಲ್ಲೇ ಇದೆ. ಅದನ್ನೇ ತಲೆಕೆಳಗು ಮಾಡಿ ಹಿಡಿದರೆ ಆಗದೆ? ಆಗದಿದ್ದರೆ ಅಳತೆ ಕಳಿಸು. ಇಲ್ಲಿ ಮೆಷಿನ್ ಇದೆ, ಎರಡು ದಿನದಲ್ಲಿ ಮಾಡಿ ಕೊಡುತ್ತೇನೆ. ಆ ಕೈಯಲ್ಲಿ ಉಳಿ ಹಿಡಿಯಬೇಡ.

ಮಾಡಿಯೇ ತೀರುತ್ತೇನೆ ಅಂತಿದ್ದರೆ ಕೇಳು. ಬಾಸಿನ ಒಡಲಿಗೆ ಬೇಕಾದಷ್ಟು ಅಗಲದ ಒಂದೇ ಹಲಗೆ ಸಿಗುವುದಿಲ್ಲ, ಎರಡನ್ನು ಅಂಚಿಗೆ ಅಂಚು ಅಂಟಿಸಬೇಕು. ನಿನ್ನ ಹತ್ತಿರ ಕ್ಲ್ಯಾಂಪ್ ಇರುವುದಿಲ್ಲ. ಹಗ್ಗ ಸುತ್ತಿ, ಹಗ್ಗಕ್ಕೂ ಮರಕ್ಕೂ ನಡುವೆ ಬೆಣೆ ಹೊಡೆ. ಎರಡು ಕಡೆಯಿಂದಲೂ ಸಮ ಹೊಡೆ. ಅಂಟು ಸಾಲಾಗಿ ಮಣಿ ಮಣಿಯಾಗಿ ಹೊರಗೆ ಬಂದರೆ ಸಾಕು, ಅದಕ್ಕಿಂತ ಬಿಗಿದರೆ ಅಂಟೆಲ್ಲ ಹೊರಗೇ ಬಂದು ಒಳಗೆ ಏನೂ ಉಳಿಯುವುದಿಲ್ಲ.

ಮನೆಯಲ್ಲಿ ನೀನು ನನ್ನನ್ನು "ನೀನು" ಅನ್ನುತ್ತಿದ್ದೆ. ಕಾಗದದಲ್ಲಿ "ನೀವು" ಅಂದಿದ್ದೀಯ.

ಮನೆಗೆ ಬಾ.

ಇಂತಿ,
ಅಪ್ಪ

(ಇದು ಅಮ್ಮ. ನಿನ್ನ ಕಾಗದವನ್ನು ನಾನೂ ಓದಿದೆ. ಇವರು ಒಂದು ವಾರ ಯೋಚನೆ ಮಾಡಿ ಬರೆದದ್ದು ಅಂಟಿನ ವಿಷಯ. ಹೊತ್ತು ಹೊತ್ತಿಗೆ ಊಟ ಮಾಡು.)

ಫೆಬ್ರವರಿ ೨೦

ಮೇಸ್ತ್ರಿಗಳಿಗೆ,

ಅಂಟಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಕಾರ್ಖಾನೆಯಲ್ಲಿ ನಾನು ನಿಮ್ಮನ್ನು "ನೀವು" ಅನ್ನುತ್ತಿದ್ದೆ, ಈಗಲೂ ಅದೇ ಸರಿ.

ಹಳೆಯ ಬಾಸನ್ನು ತಲೆಕೆಳಗು ಹಿಡಿಯುವುದು ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡ ಹಾಗೆ. ನಡೆಯಬಹುದು, ಆದರೆ ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಮೇಲಿನ ತಂತಿ ಕೆಳಗೆ ಬರುತ್ತದೆ, ದನಿ ಏರಿಳಿಸುವ ಗುಬಟಗಳು ಮೊಣಕೈಗೆ ಸಿಕ್ಕಿಕೊಳ್ಳುತ್ತವೆ. ಹೇಗೋ ಬಾರಿಸುತ್ತಿದ್ದಾಳೆ ಪಾಪ ಎಂದು ಜನ ನೋಡುವುದು ನನಗೆ ಬೇಡ.

ಒಂದು ಹಳೆಯ ಮನೆ ಕೆಡವುತ್ತಿದ್ದ ಕಡೆಯಿಂದ ಬಾಗಿಲಿನ ಹಲಗೆ ತಂದೆ. ಮೊಳೆ ಕೀಳಲು ಒಂದು ದಿನ ಹೋಯಿತು. ಅಂಚುಗಳನ್ನು ಉಜ್ಜುಗೊರಡಿನಿಂದ ಮಟ್ಟ ಮಾಡಲು ನಾಲ್ಕು ದಿನ. ಎಡಗೈಗೆ ಹಿಡಿತ ಸಿಗುವುದಿಲ್ಲ, ಗೊರಡು ಒಂದು ಕಡೆ ವಾಲುತ್ತದೆ. ಕೊನೆಗೆ ಉಪಾಯ ಹುಡುಕಿದೆ. ಗೊರಡನ್ನು ಮೇಜಿಗೆ ತಲೆಕೆಳಗಾಗಿ ಬಿಗಿದು, ಹಲಗೆಯನ್ನೇ ಅದರ ಮೇಲೆ ಎಳೆದೆ. ಎರಡು ಅಂಚನ್ನೂ ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದರೆ ನಡುವೆ ಒಂದು ಗೆರೆಯಷ್ಟೂ ಬೆಳಕು ತೂರಲಿಲ್ಲ. ಅಜಾಗರೂಕಳ ಕೆಲಸ ಇದು, ಬರೆದಿಟ್ಟುಕೊಳ್ಳಿ.

ಆಮೇಲೆ ರಟ್ಟಿನ ಮೇಲೆ ಆಕಾರ ಬರೆದು, ಕೈಗರಗಸದಲ್ಲಿ ತಿರುವು ಕೊಯ್ದೆ. ಒಂಬತ್ತು ಸಂಜೆ ಹಿಡಿಯಿತು. ಅಂಗಡಿ ಆಂಟಿ ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಾರೆ: "ಏನೇ, ಚಹಾದಲ್ಲಿ ಮರದ ಪುಡಿ ಬೀಳ್ತಾ ಇದೆ! ಅದೇನು ದೋಣಿ ಮಾಡ್ತಿದೀಯೋ?" ಹೌದು ಆಂಟಿ, ದೋಣಿಯೇ ಅಂದೆ.

ನಮ್ಮ ಬ್ಯಾಂಡಿನ ಡ್ರಮ್ಮರ್ ಇದ್ದಾನಲ್ಲ, ಬಸ್ ಮೆಕ್ಯಾನಿಕ್ ಗುಡುಗು, ಅವನು ಬಂದು ನೋಡಿಹೋದ. ಬೇರೆ ಬಾಸಿನವರನ್ನು ತಗೊಳ್ಳಿ ಎಂದು ಎಲ್ಲರೂ ಹೇಳುತ್ತಿದ್ದಾರಂತೆ. "ನೀನು ಬರೋವರೆಗೂ ಬಾಸ್ ಇಲ್ದೇನೇ ಬಾರಿಸ್ತೀವಿ. ಅಡಿಪಾಯ ಇಲ್ದಿರೋ ಮನೆ ಥರ ಇರುತ್ತೆ, ಇರ್ಲಿ ಬಿಡು" ಅಂದ. ಅವನು ನನಗೆ ಏನೂ ಆಗಬೇಕಾದವನಲ್ಲ.

ನೀವು ಎರಡು ದಿನದಲ್ಲಿ ಮಾಡಿಕೊಡುವ ಬಾಸು ನನಗೆ ಬೇಡ. ಬುದ್ಧಿ ಇದ್ದರೆ ಕಳಿಸಿ, ಮರ ಕಳಿಸಬೇಡಿ. ಮತ್ತು ನಾನು ಕೇಳಿದ್ದು ಅಂಟಿನ ವಿಷಯ ಅಲ್ಲ.

ಇಂತಿ,
ಅಜಾಗರೂಕಳು

ಏಪ್ರಿಲ್ ೩

ಚಿ. ಮಗಳಿಗೆ,

ನೀನು ಬೇಡ ಅಂದಿದ್ದೆ. ಆದರೂ ಕಳಿಸುತ್ತಿದ್ದೇನೆ. ಬಾಸಿನ ಕತ್ತು ಎಲ್ಲಕ್ಕಿಂತ ಕಷ್ಟದ ಭಾಗ. ನಾಲ್ಕು ತಂತಿ ಸೇರಿ ಒಬ್ಬ ದಪ್ಪ ಮನುಷ್ಯನ ತೂಕದಷ್ಟು ಎಳೆಯುತ್ತವೆ, ಸ್ವಲ್ಪ ತಪ್ಪಿದರೆ ಬಾಗಿಬಿಡುತ್ತದೆ. ಊಟದ ಬಿಡುವಿನಲ್ಲಿ ಒಂದು ತಿಂಗಳು ಕೂತು ಮಾಡಿದೆ. ನಿನ್ನ ಹಳೆಯ ಬಾಸನ್ನು ಪಕ್ಕದಲ್ಲಿಟ್ಟುಕೊಂಡು ಕೂದಲೆಳೆ ಹೆಚ್ಚುಕಡಿಮೆ ಆಗದ ಹಾಗೆ ಅಳೆದಿದ್ದೇನೆ. ಒಳಗೆ ಕಬ್ಬಿಣದ ಸರಳು ಹಾಕಿದೆ. ಬಿಸಿಲಿಗೆ ಇಡಬೇಡ.

ಇಂತಿ,
ಅಪ್ಪ

ಏಪ್ರಿಲ್ ೧೧

ಮೇಸ್ತ್ರಿಗಳಿಗೆ,

ಪೆಟ್ಟಿಗೆ ಬಂತು. ಬಿಚ್ಚಿದೆ. ಸುಳ್ಳು ಹೇಳುವುದಿಲ್ಲ, ಬಿಚ್ಚಿದ ಕೂಡಲೇ ಅಳು ಬಂತು. ಅಷ್ಟು ನುಣುಪಾದ ಕತ್ತನ್ನು ನಾನು ಯಾವ ಅಂಗಡಿಯಲ್ಲೂ ಮುಟ್ಟಿಲ್ಲ. ನಿಮ್ಮ ಕೈ ಕೆಲಸಕ್ಕೆ ಈ ಊರಲ್ಲಿ ಜೋಡಿ ಇಲ್ಲ.

ಆಮೇಲೆ ಅದನ್ನು ಎತ್ತಿ ಹಿಡಿದೆ.

ಬಾರಿಸುವವರಿಗೆ ದಾರಿ ತಿಳಿಯಲೆಂದು ಕತ್ತಿನ ಅಂಚಿನಲ್ಲಿ ಸಣ್ಣ ಚುಕ್ಕೆಗಳಿರುತ್ತವೆ. ಮೇಲಿನ ಅಂಚಿನಲ್ಲಿ, ಕಣ್ಣಿಗೆ ಕಾಣುವ ಕಡೆ. ನೀವು ಕೂರಿಸಿದ ಚುಕ್ಕೆಗಳು ನಾನು ಹಿಡಿದಾಗ ಕೆಳಗೆ, ನೆಲದ ಕಡೆಗೆ ಮುಖಮಾಡಿವೆ. ತಂತಿ ಬಿಗಿಯುವ ಬಿರಡೆಗಳ ತೂತೂ ನನಗೆ ಬೇಕಾದ ಕಡೆ ಇಲ್ಲ. ದಪ್ಪ ತಂತಿಯ ಜಾಗದಲ್ಲಿ ಸಣ್ಣ ತಂತಿಯ ಕಚ್ಚು. ಕೂದಲೆಳೆ ಹೆಚ್ಚುಕಡಿಮೆ ಇಲ್ಲದ ಈ ಕತ್ತನ್ನು ನೀವು ಮಾಡಿರುವುದು ಐದು ಬೆರಳಿನ ಎಡಗೈಗೆ.

ಎರಡು ಕಾಗದದಲ್ಲಿ ಬರೆದಿದ್ದೆ, ತಿರುಗಾಮುರುಗಾ ಬೇಕು ಎಂದು. ನೀವು ಓದಿಲ್ಲ ಎಂದಲ್ಲ. ನಿಮ್ಮ ತಲೆಯಲ್ಲಿ ಆ ಕೈ ಇನ್ನೂ ಹಾಗೇ ಇದೆ. ನಿಮ್ಮ ತಲೆಯಲ್ಲಿ ಗಾರ್ಡೂ ಅದರ ಜಾಗದಲ್ಲೇ ಇರಬೇಕು, ಯಾರೂ ಏನೂ ಬಿಚ್ಚಿಲ್ಲ, ಯಾರೂ ಸಹಿ ಹಾಕಿಲ್ಲ. ಆಸ್ಪತ್ರೆಯಲ್ಲಿ ಕಟ್ಟು ಬದಲಿಸುವಾಗ ಪ್ರತಿ ಸಲವೂ ನೀವು ಚಹಾ ತರಲು ಹೋಗುತ್ತಿದ್ದಿರಿ. ಆಗ ಅಷ್ಟು ಚಹಾ ಯಾರಿಗೆ ಬೇಕಿತ್ತು?

ಚುಕ್ಕೆ ಕಿತ್ತು, ತೂತು ಮುಚ್ಚಿ ಸರಿ ಮಾಡಿಕೊಳ್ಳಬಹುದು. ಗುಡುಗು ಹಾಗೇ ಹೇಳಿದ. ಮಾಡಿಕೊಳ್ಳುವುದಿಲ್ಲ. ಕತ್ತನ್ನು ಇದರೊಂದಿಗೆ ವಾಪಸು ಕಳಿಸುತ್ತಿದ್ದೇನೆ. ನನ್ನ ಕತ್ತನ್ನು ನಾನೇ ಮಾಡಿಕೊಳ್ಳುತ್ತೇನೆ. ಬಾಗಿದರೆ ಇನ್ನೊಂದು ಮಾಡುತ್ತೇನೆ.

ಇಂತಿ,
ಅಜಾಗರೂಕಳು

ಜೂನ್ ೫

ಮಗಳೇ,

ನಿಮ್ಮಿಬ್ಬರ ನಡುವೆ ನಾನೊಂದು ಅಂಚೆ ಪೆಟ್ಟಿಗೆ ಆಗಿಬಿಟ್ಟಿದ್ದೇನೆ. ಎರಡು ತಿಂಗಳಾಯಿತು, ನೀನೂ ಬರೆದಿಲ್ಲ, ಇವರೂ ಬರೆದಿಲ್ಲ. ಅಪ್ಪನಿಗೆ ತಕ್ಕ ಮಗಳು, ಮಗಳಿಗೆ ತಕ್ಕ ಅಪ್ಪ.

ನೀನು ವಾಪಸು ಕಳಿಸಿದ ಕತ್ತನ್ನು ಇವರು ಬೀರುವಿನ ಮೇಲೆ ಇಟ್ಟರು. ಒಂದು ವಾರ ಅದರ ಕಡೆ ನೋಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಎಡಗೈಯ ಕೊನೆಯ ಎರಡು ಬೆರಳನ್ನು ಮಡಚಿ ಬಟ್ಟೆ ಸುತ್ತಿ ಕಟ್ಟಿಕೊಂಡು ಹಿತ್ತಲಲ್ಲಿ ಹಲಗೆ ಉಜ್ಜುತ್ತಾ ಕೂತಿದ್ದಾರೆ.

"ಏನ್ರೀ ಇದು ವೇಷ?" ಅಂದೆ.

"ಸುಮ್ನಿರೇ" ಅಂದರು.

ಗೊರಡು ಜಾರಿತು, ಉಳಿ ಕೈಬಿಟ್ಟು ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಬಿಚ್ಚಲಿಲ್ಲ, ನೀರಿನ ಲೋಟ ಜಾರಿ ತಟ್ಟೆಯೆಲ್ಲ ಕೆರೆ ಆಯಿತು. ಸಂಜೆ ಅಂಗಿಯ ಗುಂಡಿ ಹಾಕಲಾಗದೆ ನಿಂತಿದ್ದರು. ನಾನು ಹಾಕಲು ಹೋದರೆ ಬೇಡ ಅಂದರು. ಕೊನೆಗೆ ಮಂಚದ ಮೇಲೆ ಕೂತು ಬಟ್ಟೆ ಬಿಚ್ಚಿ, ಆ ಎರಡು ಬೆರಳನ್ನು ಮಡಚುವುದು, ಬಿಡಿಸುವುದು, ಮಡಚುವುದು, ಬಿಡಿಸುವುದು. ನಾನು ಒಳಗೆ ಹೋಗಿ ಅತ್ತೆ. ಅಷ್ಟೇ ಅಲ್ಲ, ನನಗೆ ಸಿಟ್ಟೂ ಬಂತು. ಇಷ್ಟು ಗೊತ್ತಾಗಲು ಹತ್ತು ತಿಂಗಳು ಬೇಕಾಯಿತಲ್ಲ ಈ ಮನುಷ್ಯನಿಗೆ.

ನಾನೂ ಹೇಳಿಬಿಟ್ಟಿದ್ದೇನೆ. ಬರೆಯಬೇಕಾದ್ದನ್ನು ಬರೆಯುವವರೆಗೆ ನನ್ನ ಹತ್ತಿರ ಅವಳ ಸುದ್ದಿ ಕೇಳಬೇಡಿ ಅಂತ. ನೀನು ಮಾತ್ರ ಬರಿ. ನಿನ್ನ ಆ ದೋಣಿ ಎಲ್ಲಿಗೆ ಬಂತು?

ಇಂತಿ,
ಅಮ್ಮ

ಜೂನ್ ೨೨

ಅಮ್ಮನಿಗೂ, ಮೇಸ್ತ್ರಿಗಳಿಗೂ,

ಇಬ್ಬರೂ ಓದಿ.

ಕತ್ತು ಆಯಿತು. ಮೊದಲನೆಯದು ಬಾಗಿತು, ಅದಕ್ಕೆ ಆಂಟಿ ಈಗ ಪರದೆ ಇಳಿಬಿಟ್ಟಿದ್ದಾರೆ. ಎರಡನೆಯದು ನೇರ ನಿಂತಿದೆ. ಫ್ರೆಟ್ ಅನ್ನುವ ಅಡ್ಡ ತಂತಿಗಳನ್ನು ಕೂರಿಸಲು ಇಪ್ಪತ್ತು ಗೀರು ಕೊಯ್ಯಬೇಕು. ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಸಣ್ಣ ಸಣ್ಣ ತಪ್ಪು ಕೂಡಿಕೊಂಡು ಕೊನೆಯ ಗೀರಿಗೆ ಅಪಸ್ವರ ಗ್ಯಾರಂಟಿ. ಎಲ್ಲವನ್ನೂ ಒಂದೇ ತುದಿಯಿಂದ ಅಳೆ ಎಂದು ನನಗೆ ಹತ್ತು ವರ್ಷವಿದ್ದಾಗ ಕಲಿಸಿದವರು ಮೇಸ್ತ್ರಿಗಳೇ. ಹಾಗೇ ಅಳೆದೆ. ಚುಕ್ಕೆಗಳು ನನ್ನ ಕಣ್ಣಿನ ಕಡೆ ನೋಡುತ್ತಿವೆ.

ಒಂದು ತಪ್ಪು ಮಾಡಿದೆ. ಒಡಲಿನಲ್ಲಿ ತಂತಿಗಳ ದನಿ ಹಿಡಿಯುವ ಪಿಕಪ್ಪಿಗೆ ಗುಂಡಿ ತೋಡುವಾಗ ಡ್ರಿಲ್ಲಿಗೆ ಆಳದ ಗುರುತು ಹಾಕಿಕೊಳ್ಳಲಿಲ್ಲ. ಮುಗಿಸುವ ಆತುರ. ಡ್ರಿಲ್ಲಿನ ಮೊನೆ ಒಡಲನ್ನು ತೂರಿ ಹಿಂದಿನಿಂದ ಹೊರಗೆ ಬಂತು. ಅದಕ್ಕೆ ಬಿರಡೆಯಂಥ ಮರದ ತುಂಡು ಜಡಿದಿದ್ದೇನೆ, ಬಣ್ಣ ಬೇರೆ, ಎದ್ದು ಕಾಣುತ್ತದೆ. ಡ್ರಿಲ್ ಸರಿ ಇತ್ತು, ಮರ ಸರಿ ಇತ್ತು. ತಪ್ಪು ನನ್ನದು. ನೋಡಿ ಮೇಸ್ತ್ರಿಗಳೇ, ಇದನ್ನು ಬರೆಯಲು ನನಗೆ ಎರಡೇ ಪದ ಸಾಕಾದವು.

ಹೋದ ಭಾನುವಾರ ಹಗಲು ತಂತಿ ಏರಿಸಿದೆ. ಗುಡುಗು ತನ್ನ ಆಂಪ್ಲಿಫೈಯರ್ ಹೊತ್ತುತಂದ. ದಪ್ಪ ತಂತಿಯನ್ನು ಎಡಗೈಯ ಎರಡು ಬೆರಳಲ್ಲಿ ಒಮ್ಮೆ ಮೀಟಿದೆ, ಅಷ್ಟೇ. ಕೆಳಗಿನ ಅಂಗಡಿಯಲ್ಲಿ ಗಾಜುಗಳೆಲ್ಲ ಗುಂಯ್ ಅಂದವಂತೆ. ಆಂಟಿ ಮೆಟ್ಟಿಲು ಹತ್ತಿ ಓಡಿಬಂದರು.

"ಏನೇ ಅದು ಬಿದ್ದಿದ್ದು?"

"ಬೀಳ್ಲಿಲ್ಲ ಆಂಟಿ. ಎದ್ದಿದ್ದು."

ಬಲಗೈ ಇನ್ನೂ ಒಂದನೇ ಕ್ಲಾಸಿನಲ್ಲಿದೆ. ಬೆರಳ ತುದಿ ಸುಲಿದುಹೋಗಿದೆ. ನಾಲ್ಕು ಹಾಡು ಬರುತ್ತದೆ, ನಿಧಾನದ್ದು. ಜುಲೈ ಹತ್ತೊಂಬತ್ತಕ್ಕೆ ನಮ್ಮ ಕಾರ್ಯಕ್ರಮ ಇದೆ. ಆ ನಾಲ್ಕು ಹಾಡಿಗೆ ನಾನು ನಿಲ್ಲುತ್ತೇನೆ.

ಇಂತಿ,
ಬಾಸ್ ಮಾಡಿದವಳು

ಜುಲೈ ೧೫

ಮಗಳೇ,

ತಪ್ಪು ನನ್ನದು ಎಂದು ನೀನು ಬರೆದದ್ದನ್ನು ಓದಿದೆ. ಎದ್ದುಹೋಗಿ ಮುಖ ತೊಳೆದುಕೊಂಡು ಬಂದು ಇನ್ನೊಮ್ಮೆ ಓದಿದೆ. ಈಗ ನನ್ನ ಸರದಿ.

ಗಾರ್ಡ್ ಬಿಚ್ಚಿದ್ದು ನಾನು. ಯಜಮಾನರು ನನ್ನ ಹಿಂದೆ ನಿಂತು "ಮೇಸ್ತ್ರಿ, ಸೋಮವಾರ ಲಾರಿ ಬರುತ್ತೆ, ಆ ತಗಡು ತೆಗೆದು ಆಚೆ ಹಾಕು" ಅಂದರು. ನಾನು "ಬೇಡ ಯಜಮಾನ್ರೇ" ಅಂದೆ. ಒಂದೇ ಸಲ ಅಂದೆ. ಅವರು ಮುಖ ಗಂಟಿಕ್ಕಿದರು, ನಾನು ಸ್ಪ್ಯಾನರ್ ತಗೊಂಡೆ.

ನೀನು ಆಪರೇಷನ್ ಕೋಣೆಯಲ್ಲಿದ್ದಾಗ ಅವರು ಆಸ್ಪತ್ರೆಗೇ ಕಾಗದ ತಂದರು. "ಸುಮ್ನೆ ಒಂದು ಫಾರ್ಮಾಲಿಟಿ" ಅಂದರು. ಓದದೆ ಸಹಿ ಹಾಕಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಓದಿದ್ದೆ. ಕೆಲಸ ಹೋದರೆ ಆಸ್ಪತ್ರೆ ಖರ್ಚಿಗೆ ಏನು ಮಾಡುವುದು ಎಂದು ಯೋಚಿಸಿದೆ. ಆ ಯೋಚನೆ ಸರಿಯೇ ಇರಬಹುದು, ಸಹಿ ಸರಿಯಲ್ಲ.

ಹೋದ ಗುರುವಾರ ಕಾರ್ಮಿಕ ಕಚೇರಿಗೆ ಹೋಗಿ ಎಲ್ಲ ಹೇಳಿದೆ. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: "ಮಗಳು ಒತ್ತಡ ಹಾಕಿದ್ಲಾ?"

"ಹಾಕಿದ್ಲು ಸಾರ್. ಹಾಕಬೇಕಾದ್ದೇ" ಅಂದೆ.

ವರದಿ ತಿದ್ದಿದರು. ನಿನ್ನ ಮೇಲಿದ್ದ ಸಾಲು ಹೋಯಿತು. ಈಗ "ಮೇಸ್ತ್ರಿಯ ಲೋಪದಿಂದ ಆದ ಅಪಘಾತ" ಎಂದಿದೆ. ಯಜಮಾನರ ಮಾತನ್ನೂ ಬರೆಯಿರಿ ಅಂದೆ. "ಅವರು ಹೇಳಿದ್ದಕ್ಕೆ ಕಾಗದ ಇದೆಯಾ, ಸಾಕ್ಷಿ ಇದಾರಾ?" ಅಂದರು. ಎಲ್ಲಿಂದ ತರಲಿ? ಮರುದಿನವೇ ಯಜಮಾನರು ನನ್ನನ್ನು ಮೇಸ್ತ್ರಿ ಕೆಲಸದಿಂದ ತೆಗೆದು ಕುರ್ಚಿ ಕಾಲು ಉಜ್ಜಲು ಕೂರಿಸಿದರು. ನಲವತ್ತು ವರ್ಷದ ಹಿಂದೆ ಅಲ್ಲಿಂದಲೇ ಶುರು ಮಾಡಿದ್ದೆ, ಕೈಗೆ ಮರೆತಿಲ್ಲ.

ನನಗೆ ಬೇಜಾರಿಲ್ಲ. ನಿನ್ನ ಹೆಸರು ಸರಿಹೋಯಿತಲ್ಲ, ಇಲ್ಲಿಗೆ ಮುಗಿಸೋಣ. ದೊಡ್ಡವರ ಜೊತೆ ಹೆಚ್ಚು ಎಳೆದಾಡುವುದು ಬೇಡ.

ಆ ಎರಡು ಬೆರಳು ನನ್ನಿಂದ ಹೋದವು. ಇದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಇಂತಿ,
ಅಪ್ಪ

ಜುಲೈ ೨೦

ಅಪ್ಪಾ,

ನಿನ್ನೆ ಮಧ್ಯಾಹ್ನ ನಿನ್ನ ಕಾಗದ ಬಂತು. ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡೇ ಸಂಜೆ ಬಾರಿಸಲು ಹೋದೆ. ನಾಲ್ಕು ಹಾಡು. ಮೂರನೆಯದರಲ್ಲಿ ದಾರಿ ತಪ್ಪಿದೆ. ಗುಡುಗು ನನ್ನನ್ನೇ ನೋಡುತ್ತಾ ಅದೇ ಹೊಡೆತ ಬಿಡದೆ ಹಿಡಿದುಕೊಂಡಿದ್ದ, ಎಂಟು ಎಣಿಸುವುದರೊಳಗೆ ನಾನು ಮತ್ತೆ ಸೇರಿಕೊಂಡೆ. ಮುಂದಿನ ಸಾಲಿನಲ್ಲಿ ಒಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನನ್ನ ಕೈ ತೋರಿಸಿದ. ನಾನು ಕೈ ಇನ್ನಷ್ಟು ಮುಂದೆ ಚಾಚಿ ಮೀಟಿದೆ. ನೋಡಲಿ, ಟಿಕೆಟ್ ತಗೊಂಡಿದ್ದಾನೆ.

ನಿನ್ನ ಕಾಗದ ನನಗೆ ಬೇಕಿತ್ತು. ಒಂದು ವರ್ಷದಿಂದ ಅದಕ್ಕೇ ಕಾದಿದ್ದೆ. ಓದಿ ಎದೆ ಹಗುರಾಯಿತು, ಹೌದು. ಆದರೆ ಇಲ್ಲಿಗೆ ಮುಗಿಸೋಣ ಅಂದಿದ್ದೀಯಲ್ಲ, ಅದು ಆಗುವುದಿಲ್ಲ.

ಈಗಲೂ ನಾಲ್ಕೇ ಪದ ಅಪ್ಪ. ಆಗಲೂ ಅರ್ಧ ಸುಳ್ಳು, ಈಗಲೂ ಅರ್ಧ ಸುಳ್ಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೊದಲು ನನ್ನ ಬೆನ್ನಿಗೆ ಹಾಕಿದರು, ಈಗ ನಿನ್ನ ಬೆನ್ನಿಗೆ ಹಾಕಿದ್ದಾರೆ. ತಗಡು ತೆಗೆದು ಆಚೆ ಹಾಕು ಅಂದ ಬಾಯಿ ಮಾತ್ರ ಎರಡು ವರದಿಯಲ್ಲೂ ಇಲ್ಲ. ನಿನ್ನ ಮೇಲೆ ನನಗೆ ಸಿಟ್ಟಿದೆ, ಇನ್ನೂ ಇರುತ್ತದೆ, ಒಂದು ಕಾಗದಕ್ಕೆ ಹೋಗುವಂಥದ್ದಲ್ಲ. ಆದರೆ ನಿನ್ನ ಮೇಲೆ ಸಿಟ್ಟು ಮಾಡುವ ಹಕ್ಕು ನನ್ನದು. ಆ ಯಜಮಾನ ನಿನ್ನನ್ನು ಕುರ್ಚಿ ಕಾಲು ಉಜ್ಜಲು ಕೂರಿಸುವುದನ್ನು ನಾನು ನೋಡಿಕೊಂಡು ಸುಮ್ಮನಿರುವುದಿಲ್ಲ.

ಸಾಕ್ಷಿ ಎಲ್ಲಿಂದ ತರಲಿ ಅಂದಿದ್ದೀಯ. ಗಾರ್ಡ್ ಬಿಚ್ಚಿದ ದಿನ ಹಲಗೆ ಜೋಡಿಸುತ್ತಾ ನಿಮ್ಮಿಬ್ಬರ ಹಿಂದೆ ಹತ್ತು ಅಡಿ ದೂರದಲ್ಲಿ ಇದ್ದವಳು ನಾನು. ಅವರು ಅಂದದ್ದೂ ಕೇಳಿದೆ, ನೀನು ಬೇಡ ಅಂದದ್ದೂ ಕೇಳಿದೆ. ನಿನ್ನ ಆ "ಬೇಡ" ಕೇಳಿಸಿತ್ತು ಎಂದು ನಾನು ಯಾವತ್ತೂ ಬರೆಯಲಿಲ್ಲ. ಸಿಟ್ಟಿನಲ್ಲಿ ಬೇಕೆಂತಲೇ ಬಿಟ್ಟೆ. ಅದು ನನ್ನ ತಪ್ಪು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಮಿಕ ಕಚೇರಿಯ ಮುಂದೆ ಬಾ. ರಜೆ ಕೇಳಬೇಡ, ಸುಮ್ಮನೆ ಬಾ. ಬಾಸನ್ನೂ ತರುತ್ತೇನೆ, ಅಧಿಕಾರಿಯ ಮೇಜಿನ ಮೇಲೆ ಇಟ್ಟು ಹಲಗೆ ಕೂಡಿದ ಜಾಗ ನೋಡಿ ಸಾರ್, ಇದು ಅಜಾಗರೂಕಳ ಕೆಲಸವೇ ಅನ್ನುತ್ತೇನೆ. ಹಿಂದಿನ ತೂತನ್ನೂ ತೋರಿಸುತ್ತೇನೆ. ಹೆಚ್ಚು ಹೊತ್ತಾಗಬಹುದು, ಅಮ್ಮನಿಗೆ ಹೇಳಿ ಹೊಟ್ಟೆ ತುಂಬ ಉಂಡುಕೊಂಡು ಬಾ.

ಒಂದೇ ಸಲ ಬೇಡ ಅಂದೆ ಎಂದು ಬರೆದಿದ್ದೀಯ. ಎರಡನೆಯ ಸಲ ಅನ್ನುವಾಗ ನಾನು ನಿನ್ನ ಪಕ್ಕದಲ್ಲಿ ನಿಂತಿರುತ್ತೇನೆ.

ಇಂತಿ,
ನಿನ್ನ ಮಗಳು